ಧೈರ್ಯ ಕೊಟ್ಟವರು

ಮಳೆಗಾಲದಲ್ಲಿ ತುಂಬಿ ಹರಿಯುವ ಹಳ್ಳಕ್ಕೆ ಹಾರಿ ಒಬ್ಬ ಇನ್ನೊಬ್ಬನನ್ನು ದಡಕ್ಕೆಳೆದು ತಂದರೆ, ಖಾನಾಪುರ ತಾಲೂಕಿನ ಪಾರಿಶ್ವಾಡದ ಕಡೆಯ ಮಂದಿ ಅದನ್ನು ‘ಶೌರ್ಯ’ ಎನ್ನುವುದಿಲ್ಲ. ‘ಅವನ ಗುಂಡಿಗಿ ಗಟ್ಟಿ ಐತಿ’ ಎನ್ನುತ್ತಾರೆ, ಇಲ್ಲವೇ ‘ಭಾಳ ಧೈರ್ಯಾ ಮಾಡಿದ’ ಎನ್ನುತ್ತಾರೆ. ಶೌರ್ಯ ಎಂಬ ಮಾತು ಊರಿಗೆ ಬರುವುದು ಪತ್ರಿಕೆಯ ಜತೆಗೆ, ಅದೂ ಹೆಚ್ಚಾಗಿ ಗಣರಾಜ್ಯೋತ್ಸವದ ಹೊತ್ತಿಗೆ.

ಶೂರನ ಗುಣ ಶೌರ್ಯ. ಕತ್ತಿ ಹಿಡಿದವರ ಮಾತು. ಇದೇ ತಾಲೂಕಿನ ನಂದಗಡದಲ್ಲಿ 1831ರ ಜನವರಿ 26ರಂದು ಬ್ರಿಟಿಷರು ಗಲ್ಲಿಗೇರಿಸಿದ ಸಂಗೊಳ್ಳಿ ರಾಯಣ್ಣನಿಗೆ ಅದು ಸಹಜವಾಗಿ ಒಪ್ಪುತ್ತದೆ. ಸ್ವತಂತ್ರ ಭಾರತ ಅದನ್ನು ಪದಕದ ಮೇಲೆ ಬರೆಸಿತು. 1952ರಲ್ಲಿ ಸ್ಥಾಪನೆಯಾದ ಅಶೋಕ ಚಕ್ರದ ಮೂರು ದರ್ಜೆಗಳು 1967ರಲ್ಲಿ ಅಶೋಕ ಚಕ್ರ, ಕೀರ್ತಿ ಚಕ್ರ, ಶೌರ್ಯ ಚಕ್ರಗಳಾದವು. ರಣರಂಗದಾಚೆಗಿನ ಸಾಹಸಕ್ಕೆ ಸಲ್ಲುವ ಈ ಗೌರವ ನಾಗರಿಕರಿಗೂ ಉಂಟು. 1986ರಲ್ಲಿ ಕರಾಚಿಯಲ್ಲಿ ಅಪಹೃತ ವಿಮಾನದ ಪ್ರಯಾಣಿಕರನ್ನು ಹೊರಗೆ ಕಳಿಸುತ್ತ ಗುಂಡೇಟಿಗೆ ಬಲಿಯಾದ ನೀರಜಾ ಭಾನೋಟ್ ಅವರಿಗೆ ಅಶೋಕ ಚಕ್ರ ಸಂದಿತು. ಅವರ ಕೈಯಲ್ಲಿ ಯಾವ ಆಯುಧವೂ ಇರಲಿಲ್ಲ.

ಕನ್ನಡದಲ್ಲಿ ಶೌರ್ಯವನ್ನು ‘ಮೆರೆಯುತ್ತಾರೆ’. ಧೈರ್ಯವನ್ನೋ ಮಾಡುತ್ತಾರೆ, ತಂದುಕೊಳ್ಳುತ್ತಾರೆ, ಹೇಳುತ್ತಾರೆ, ತುಂಬುತ್ತಾರೆ, ಕೊಡುತ್ತಾರೆ. ಒಬ್ಬರ ಶೌರ್ಯ ಇನ್ನೊಬ್ಬರ ಪಾಲಿಗೆ ಬರುವುದಿಲ್ಲ; ಧೈರ್ಯ ಬರುತ್ತದೆ. ಸಾವಿನ ಮನೆಗೆ ಹೋದವರು, ಹೆರಿಗೆ ಕೋಣೆಯ ಹೊರಗೆ ಕೂತವರು ಕೊಡುವುದು ಅದನ್ನೇ.

2019ರ ಆಗಸ್ಟ್‌ನಲ್ಲಿ ಕೃಷ್ಣೆ ಉಕ್ಕಿದಾಗ ರಾಯಚೂರು ಜಿಲ್ಲೆಯ ಹಿರೇರಾಯನಕುಂಪಿಯಲ್ಲಿ ಸೇತುವೆ ಮುಳುಗಿತ್ತು. ದಾರಿ ಎಲ್ಲಿ, ಅಂಚು ಎಲ್ಲಿ ಎಂದು ತಿಳಿಯದೆ ಆಂಬುಲೆನ್ಸ್ ನಿಂತಿತು. ಬಾಲಕ ವೆಂಕಟೇಶ ನೀರಿಗಿಳಿದು ಮುಂದೆ ಮುಂದೆ ಓಡಿದ. ಅವನ ಹೆಜ್ಜೆಯನ್ನೇ ದಾರಿ ಮಾಡಿಕೊಂಡು ಚಾಲಕ ಗಾಡಿ ಬಿಟ್ಟ. ಆ ಸಾಲಿನ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಅವನಿಗೆ ಬಂತು. ‘ಶೌರ್ಯ ಮೆರೆದ ಬಾಲಕ’ ಎಂಬ ತಲೆಬರಹ ನನಗೆ ಒಗ್ಗುವುದಿಲ್ಲ. ಆ ಹುಡುಗ ಮೆರೆದದ್ದು ಏನೂ ಇಲ್ಲ. ಸ್ಟಿಯರಿಂಗ್ ಹಿಡಿದು ಕೂತಿದ್ದ ದೊಡ್ಡವನಿಗೆ ಧೈರ್ಯ ಕೊಟ್ಟ.

ನೀರು, ಬೆಂಕಿ, ಅಪಘಾತಗಳಿಂದ ಪರರ ಜೀವ ಉಳಿಸಿದವರಿಗೆ 1961ರಿಂದ ಜೀವನ್ ರಕ್ಷಾ ಪದಕವೂ ಇದೆ. ಅದರ ಹೆಸರಿನಲ್ಲಿ ಶೌರ್ಯವೂ ಇಲ್ಲ, ಧೈರ್ಯವೂ ಇಲ್ಲ. ಉಳಿದ ಜೀವವಷ್ಟೇ ಇದೆ. ನನಗೆ ಬಹಳ ಹಿಡಿಸಿದ ಹೆಸರು. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪ್ರತಿ ಮಳೆಗಾಲ ಖಾನಾಪುರ ತಾಲೂಕಿನಲ್ಲೇ ಮೈದುಂಬಿಕೊಳ್ಳುತ್ತಾಳೆ. ಅಂಥ ಹೊಳೆಗೆ ಹಾರಿದವರು ಮರುದಿನ ಹೊಲಕ್ಕೆ ಹೋಗುತ್ತಾರೆ, ತಾವಾಗಿ ಯಾರಿಗೂ ಹೇಳುವುದಿಲ್ಲ. ಪದಕ ಅವರನ್ನು ತಲುಪಬೇಕಾದರೆ ಊರಿನ ಮಾಸ್ತರರೋ ಪಂಚಾಯತಿಯವರೋ ನಾಲ್ಕು ಸಾಲು ಬರೆದು ಜಿಲ್ಲಾಧಿಕಾರಿ ಕಚೇರಿಗೆ ಮುಟ್ಟಿಸಬೇಕು.