ಬುಕನನ್ ವೈದ್ಯರ ಮನೆತನ, ಆಸ್ತಿ ಹಾಗೂ ನಮ್ಮ ಊರಿನ ಕಾಗದಪತ್ರಗಳು

ಶತಮಾನೋತ್ಸವದ ಸಿದ್ಧತೆಗೆಂದು ನಮ್ಮ ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಕಪಾಟಿನಿಂದ ಹೊರತೆಗೆದು ವರಾಂಡದಲ್ಲಿ ಹರವಿದಾಗ ಮೊದಲು ನಮ್ಮ ಕಣ್ಣಿಗೆ ಬಿದ್ದದ್ದು ಅವುಗಳ ಮೇಲ್ಹೊದಿಕೆಯ ಬರಹ. ಅತ್ಯಂತ ಹಳೆಯ ಪುಸ್ತಕಗಳ ಮೇಲೆ ಸೇಲಂ ಜಿಲ್ಲೆ ಎಂದಿದೆ. 1965ರ ಅಕ್ಟೋಬರಿನಲ್ಲಿ ಧರ್ಮಪುರಿ ಪ್ರತ್ಯೇಕ ಜಿಲ್ಲೆಯಾಯಿತು. ಆ ಬಳಿಕದ ಪುಸ್ತಕಗಳ ಮೇಲೆ ಧರ್ಮಪುರಿ ಜಿಲ್ಲೆ ಎಂದಿದೆ. 2004ರಿಂದೀಚೆಗೆ ಕೃಷ್ಣಗಿರಿ ಜಿಲ್ಲೆ. ನಮ್ಮ ಶಾಲೆಯ ಕಟ್ಟಡ ಇದ್ದ ಜಾಗದಿಂದ ಒಂದು ಗೇಣು ಕದಲಿಲ್ಲ. ವಿಳಾಸ ಮಾತ್ರ ಎರಡು ಬಾರಿ ಬದಲಾಯಿತು. ಹೆಸರು ಬದಲಾದರೂ ವಸ್ತು ಒಂದೇ ಎಂಬುದನ್ನು ಮುಂದಿನವರಿಗೆ ಯಾರು ಹೇಳಬೇಕು ಎಂಬ ಪ್ರಶ್ನೆ ಅಂದೇ ನಮ್ಮ ಮನಸ್ಸಿನಲ್ಲಿ ಮೂಡಿತು.

ಅದೇ ವಾರ ನಮ್ಮ ಶಾಲೆಯ ಹಿರಿಯ ವಿದ್ಯಾರ್ಥಿನಿಯೊಬ್ಬರು ಬಂದರು. ಎಪ್ಪತ್ತು ದಾಟಿದ ತಾಯಿ. ಅವರ ತಂದೆಯೂ ಚಿಕ್ಕಪ್ಪನೂ ಇಲ್ಲಿಯೇ ಓದಿದವರು. ಜಮೀನಿನ ಪಟ್ಟಾದಲ್ಲಿ ತಂದೆಯ ಹೆಸರು ತಮಿಳಿನ ರೂಪದಲ್ಲಿದೆ. ಮನೆಯ ಕಾಗದಗಳಲ್ಲಿ ಕನ್ನಡದ ರೂಪದಲ್ಲಿ, ಊರಿನ ಹೆಸರಿನೊಡನೆ ಇದೆ. ಇಬ್ಬರೂ ಒಬ್ಬರೇ ಎಂಬುದಕ್ಕೆ ಆಧಾರ ಬೇಕಾಗಿತ್ತು. “ಇಬ್ರೂ ನಮ್ಮಪ್ಪನೇ ಅಂತ ನೀವು ಒಂದು ಸಾಲು ಬರ್ಕೊಡಿ ಮೇಡಮ್” ಎಂದರು. ತಂದೆಯವರ ದಾಖಲಾತಿ ಸಿಕ್ಕಿತು; ನಕಲು ಕೊಟ್ಟೆವು. ಚಿಕ್ಕಪ್ಪನವರು ಸೇರಿದ ವರ್ಷದ ಪುಸ್ತಕವನ್ನು ಗೆದ್ದಲು ತಿಂದಿತ್ತು. ಅರ್ಧ ಉತ್ತರದೊಡನೆ ಅವರನ್ನು ಕಳುಹಿಸಬೇಕಾಯಿತು. ಅವರು ಕೇಳಿದ ಆ ಒಂದು ಸಾಲನ್ನು ಬರೆದುಕೊಡುವ ಅಧಿಕಾರವಂತೂ ಮುಖ್ಯೋಪಾಧ್ಯಾಯಿನಿಗೆ ಇಲ್ಲ.

ಈ ನೋವು ಮನಸ್ಸಿನಲ್ಲಿರುವಾಗಲೇ, ಸ್ಮರಣ ಸಂಚಿಕೆಗಾಗಿ ನಮ್ಮ ಸೀಮೆಯ ಚರಿತ್ರೆಯನ್ನು ಓದತೊಡಗಿದೆವು. ಆಗ ಒಂದೇ ಸಾಲಿನಿಂದ ಎರಡು ಹೆಸರುಗಳನ್ನು ಬೆಸೆದುಕೊಂಡ ಒಬ್ಬ ವೈದ್ಯರ ಕಥೆ ನಮಗೆ ದೊರೆಯಿತು. ಅವರು ಫ್ರಾನ್ಸಿಸ್ ಬುಕನನ್. ಕರ್ನಾಟಕದ ಚರಿತ್ರೆ ಓದಿದ ಎಲ್ಲರಿಗೂ ಪರಿಚಿತವಾದ ಹೆಸರು ಇದು. ಮೈಸೂರು, ಕನ್ನಡ ಜಿಲ್ಲೆ, ಮಲಬಾರುಗಳಲ್ಲಿ ಸಂಚರಿಸಿ, ಊರೂರಿನ ಬೆಳೆ, ಕಸುಬು, ಜಾತಿ, ತೆರಿಗೆಗಳನ್ನು ಬರೆದಿಟ್ಟ ಪ್ರವಾಸಿಯೆಂದು ನಾವು ಅವರನ್ನು ಬಲ್ಲೆವು. ಅವರು ಮೂಲತಃ ವೈದ್ಯರೆಂಬುದನ್ನೂ, ಅವರ ಮನೆತನ ಆಸ್ತಿಗಳ ಕಥೆಯನ್ನೂ ಬಲ್ಲವರು ಕಡಿಮೆ.

ಬುಕನನ್ ಹುಟ್ಟಿದ್ದು 1762ರ ಫೆಬ್ರವರಿ 15ರಂದು, ಸ್ಕಾಟ್ಲೆಂಡಿನಲ್ಲಿ. ತಂದೆ ಥಾಮಸ್ ಬುಕನನ್ ಕೂಡ ವೈದ್ಯರು. ಸ್ಪಿಟಲ್ ಎಂಬ ಸ್ಥಳದ ಮನೆತನದವರು. ಲೆನಿ ಎಂಬ ಜಮೀನು ಅವರದು. ತಾಯಿ ಎಲಿಜಬೆತ್ ಹ್ಯಾಮಿಲ್ಟನ್, ಗ್ಲಾಸ್ಗೋ ನಗರದ ಸಮೀಪದ ಬಾರ್ಡೋವಿ ಆಸ್ತಿಗೆ ಹಕ್ಕುದಾರಳು. ಹೀಗೆ ಎರಡು ಕಡೆಯಿಂದಲೂ ಭೂಮಿ ಇದ್ದ ಕುಟುಂಬ. ಆದರೆ ಆ ನಾಡಿನ ಅಂದಿನ ಪದ್ಧತಿಯಂತೆ ಭೂಮಿಯು ಹಿರಿಯ ಮಗನಿಗೆ ಸಲ್ಲತಕ್ಕದ್ದು. ಫ್ರಾನ್ಸಿಸರಿಗೆ ಮೂವರು ಅಣ್ಣಂದಿರು. ನಮ್ಮಲ್ಲಿಯಂತೆ ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ದಾರಿ ಅಲ್ಲಿರಲಿಲ್ಲ. ಆದ್ದರಿಂದ ನಾಲ್ಕನೆಯ ಮಗ ವಿದ್ಯೆಯನ್ನು ನಂಬಬೇಕಾಯಿತು. 1783ರಲ್ಲಿ ಎಡಿನ್‌ಬರೋ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದರು. ಅವರ ಪ್ರಬಂಧದ ವಿಷಯ ಬಿಟ್ಟು ಬಿಟ್ಟು ಬರುವ ಜ್ವರ, ಅಂದರೆ ನಾವು ಮಲೇರಿಯ ಎನ್ನುವ ಚಳಿಜ್ವರ. ಅಲ್ಲಿಯೇ ಜಾನ್ ಹೋಪ್ ಎಂಬ ಗುರುಗಳಲ್ಲಿ ಸಸ್ಯಶಾಸ್ತ್ರವನ್ನೂ ಕಲಿತರು. ಕೆಲವು ವರ್ಷ ಹಡಗುಗಳಲ್ಲಿ ವೈದ್ಯರಾಗಿದ್ದು, 1794ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯಸೇವೆಗೆ ಸೇರಿದರು.

ಆ ಕಾಲದಲ್ಲಿ ನಮ್ಮ ಸೀಮೆಯ ಸ್ಥಿತಿ ಹೇಗಿತ್ತು? 1792ರ ಶ್ರೀರಂಗಪಟ್ಟಣದ ಒಪ್ಪಂದದಂತೆ ಟಿಪ್ಪು ಸುಲ್ತಾನರ ಕೈಯಿಂದ ಬಾರಾಮಹಲ್ ಕಂಪನಿಗೆ ಸೇರಿತ್ತು. ಅಲೆಗ್ಸಾಂಡರ್ ರೀಡ್ ಎಂಬ ಅಧಿಕಾರಿ ಅಲ್ಲಿಯ ಆಡಳಿತ ವಹಿಸಿಕೊಂಡರು. ಮುಂದೆ ಮದರಾಸಿನ ಗವರ್ನರ್ ಆದ ಥಾಮಸ್ ಮನ್ರೋ ಅವರ ಸಹಾಯಕರಲ್ಲೊಬ್ಬರು. ಹೊಲ ಹೊಲವನ್ನೂ ಅಳೆದು ರೈತನೊಡನೆ ನೇರವಾಗಿ ಕಂದಾಯ ಗೊತ್ತು ಮಾಡುವ ರೈತವಾರಿ ಪದ್ಧತಿಯ ಮೊಳಕೆ ಒಡೆದದ್ದು ಇಲ್ಲಿಯೇ. ಇಂದು ನಮ್ಮ ಮನೆಗಳಲ್ಲಿರುವ ಪಟ್ಟಾ ಎಂಬ ಕಾಗದದ ಮೂಲವೂ ಆ ಅಳತೆಯಲ್ಲಿಯೇ ಇದೆ. ಘಟ್ಟದ ಮೇಲಿನ ಹೊಸೂರಿನ ಭಾಗ ಕಂಪನಿಗೆ ಬಂದದ್ದು 1799ರಲ್ಲಿ, ಟಿಪ್ಪುವಿನ ಮರಣದ ನಂತರ.

ಹೊಸದಾಗಿ ಗೆದ್ದ ನಾಡಿನಲ್ಲಿ ಏನೇನಿದೆ ಎಂದು ತಿಳಿಯಲು ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕನನ್ನರನ್ನು ನೇಮಿಸಿದರು. ಬೇಸಾಯ, ದನಕರು, ಹತ್ತಿ, ಮೆಣಸು, ಶ್ರೀಗಂಧ, ಗಣಿ, ನೇಯ್ಗೆ, ಹವೆ, ಜನರ ಸ್ಥಿತಿಗತಿ ಇವೆಲ್ಲವನ್ನೂ ವಿಚಾರಿಸಬೇಕೆಂದು ಆಜ್ಞೆ. 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಅವರು 1801ರ ಜುಲೈಯಲ್ಲಿ ಅಲ್ಲಿಗೇ ಹಿಂತಿರುಗಿದರು. ಈ ನಡುವೆ ಅವರು ನಮ್ಮ ಹಳೆಯ ಸೇಲಂ ಸೀಮೆಯನ್ನು ಎರಡು ಕಡೆ ಮುಟ್ಟಿದರು. ಮೊದಲನೆಯದು ದಕ್ಷಿಣದಲ್ಲಿ: ಶ್ರೀರಂಗಪಟ್ಟಣದಿಂದ ಕೊಯಮತ್ತೂರಿಗೆ ಹೋಗುವಾಗ ಅವರು ಘಟ್ಟ ಇಳಿದದ್ದು ಕಾವೇರಿಪುರದಲ್ಲಿ. ಇಂದು ಅದು ಸೇಲಂ ಜಿಲ್ಲೆಯ ಮೇಟ್ಟೂರಿನ ಸಮೀಪದ ಊರು. ಎರಡನೆಯದು ಉತ್ತರದಲ್ಲಿ: ಪ್ರಯಾಣದ ಕೊನೆಗೆ ಮದರಾಸಿಗೆ ಮರಳುವಾಗ ರಾಯಕೋಟೆ, ಕೃಷ್ಣಗಿರಿಗಳ ಮಾರ್ಗವಾಗಿ ಬಾರಾಮಹಲನ್ನು ಹಾದುಹೋದರು.

ಅವರು ದಿನದಿನದ ವಿಷಯವನ್ನು ಅಂದಂದೇ ಬರೆದಿಡುತ್ತಿದ್ದರು. ಅದನ್ನು ಸಂಕ್ಷೇಪಿಸಿ, ವಿಷಯವಾರು ಜೋಡಿಸಿ ಪ್ರಕಟಿಸುವ ಇಚ್ಛೆ ಅವರಿಗಿತ್ತು. ಆದರೆ ಲಂಡನ್ನಿನಲ್ಲಿ ಮುದ್ರಣ ಮೊದಲೇ ಆರಂಭವಾದ್ದರಿಂದ 1807ರಲ್ಲಿ ದಿನಚರಿಯ ರೂಪದಲ್ಲಿಯೇ ಮೂರು ಸಂಪುಟಗಳು ಹೊರಬಂದವು. ಅದರಿಂದ ನಮಗೆ ಲಾಭವೇ ಆಯಿತು. ಯಾವ ಊರಿನಲ್ಲಿ ಯಾವ ದಿನ ಏನು ಕೇಳಿದರು, ಏನು ಕಂಡರು ಎಂಬುದು ಹಾಗೆಯೇ ಉಳಿಯಿತು. ರಾಗಿಯ ಬಿತ್ತನೆ, ಕೆರೆಯ ನೀರು, ಎತ್ತಿನ ಬೆಲೆ, ಕಬ್ಬಿಣ ಕರಗಿಸುವ ಕುಲುಮೆ ಇವೆಲ್ಲ ಆ ಪುಟಗಳಲ್ಲಿವೆ. ಆದರೆ ಒಂದನ್ನು ಗಮನಿಸಬೇಕು. ಅವರಿಗೆ ಉತ್ತರ ಹೇಳಿದ ಗೌಡರು, ಶ್ಯಾನುಭೋಗರು, ನೇಕಾರರು, ಬೇಸಾಯಗಾರರು ಬಹುಮಟ್ಟಿಗೆ ಹೆಸರಿಲ್ಲದೆಯೇ ಉಳಿದಿದ್ದಾರೆ. ಅವರ ಜಾತಿ ಇದೆ, ಕಸುಬು ಇದೆ, ಅವರು ತೆರುತ್ತಿದ್ದ ಹಣ ಇದೆ, ಹೆಸರಿಲ್ಲ. ನಮ್ಮ ಮಕ್ಕಳ ಪೂರ್ವಜರು ಆ ಪುಸ್ತಕದಲ್ಲಿ ಖಂಡಿತ ಇದ್ದಾರೆ, ಆದರೆ ಗುರುತಿಸುವ ದಾರಿಯಿಲ್ಲ.

ಈಗ ಆ ವೈದ್ಯರ ಸ್ವಂತ ಕಾಗದಗಳ ಕಡೆಗೆ ತಿರುಗೋಣ. 1807ರಿಂದ 1814ರವರೆಗೆ ಬಂಗಾಳ, ಬಿಹಾರಗಳ ಸಮೀಕ್ಷೆ ನಡೆಸಿ, ಕಲ್ಕತ್ತೆಯ ಸಸ್ಯೋದ್ಯಾನದ ಅಧಿಕಾರಿಯಾಗಿದ್ದು, 1815ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮುಂದೆ ಅಣ್ಣನ ತರುವಾಯ ತಾಯಿಯ ಕಡೆಯ ಆಸ್ತಿ ಅವರಿಗೆ ಬಂದಿತು. ಆಸ್ತಿಯೊಡನೆ ತಾಯಿಯ ಮನೆತನದ ಹೆಸರನ್ನೂ ತೆಗೆದುಕೊಂಡರು. ಫ್ರಾನ್ಸಿಸ್ ಬುಕನನ್ ಫ್ರಾನ್ಸಿಸ್ ಹ್ಯಾಮಿಲ್ಟನ್ ಆದರು. 1819ರಲ್ಲಿ ನೇಪಾಳದ ವಿಷಯವಾಗಿ, 1822ರಲ್ಲಿ ಗಂಗಾನದಿಯ ಮೀನುಗಳ ವಿಷಯವಾಗಿ ಪ್ರಕಟಿಸಿದ ಗ್ರಂಥಗಳಲ್ಲಿ ತಮ್ಮನ್ನು ‘ಹಿಂದೆ ಬುಕನನ್ ಎನಿಸಿದ್ದ ಫ್ರಾನ್ಸಿಸ್ ಹ್ಯಾಮಿಲ್ಟನ್’ ಎಂಬ ಅರ್ಥದಲ್ಲಿ ಗುರುತಿಸಿಕೊಂಡರು.

ಈ ಹೆಸರಿನ ಕವಲು ನಮ್ಮ ವಿಜ್ಞಾನ ಪಾಠದವರೆಗೂ ಬಂದಿದೆ. ಪಾಯಸಕ್ಕೆ ಹಾಕುವ ಚಾರೋಳಿಯ ಮರದ ಕುಲಕ್ಕೆ ಬುಕನನಿಯ ಎಂದು ಹೆಸರು. ಅದು ತಂದೆಯ ಮನೆತನದ ಹೆಸರಿನಲ್ಲಿದೆ. ರೋಹು, ಕಾಟ್ಲಾ ಮೀನುಗಳ ಶಾಸ್ತ್ರೀಯ ಹೆಸರಿನ ಮುಂದೆ ಹ್ಯಾಮಿಲ್ಟನ್ ಎಂದು ಬರೆಯುತ್ತಾರೆ. ಅದು ತಾಯಿಯ ಮನೆತನದ ಹೆಸರು. ಬುಕನನ್ ಘಟ್ಟ ಇಳಿದ ಕಾವೇರಿಪುರದ ಪಕ್ಕದಲ್ಲಿಯೇ ಇಂದು ಮೇಟ್ಟೂರು ಜಲಾಶಯವಿದೆ. ಅಲ್ಲಿ ಬೆಸ್ತರ ಬಲೆಗೆ ಬೀಳುವ ಕಾಟ್ಲಾ ಮೀನು ಹ್ಯಾಮಿಲ್ಟನ್ ಹೆಸರನ್ನು ಹೊತ್ತಿದೆ. ಇವರು ಇಬ್ಬರು ವಿದ್ವಾಂಸರೆಂದೇ ನಮ್ಮ ಶಾಲೆಯಲ್ಲಿ ನಾವು ತಿಳಿದಿದ್ದೆವು. ಆ ಮುಖಪುಟದ ಒಂದು ಸಾಲು ಇಲ್ಲದಿದ್ದರೆ ಮುಂದೆಯೂ ಹಾಗೆಯೇ ತಿಳಿಯುತ್ತಿದ್ದೆವೋ ಏನೋ.

ಸ್ಕಾಟ್ಲೆಂಡಿನಲ್ಲಿ ಭೂಮಿಯ ಹಸ್ತಾಂತರವನ್ನು ಸಾರ್ವಜನಿಕ ಪುಸ್ತಕದಲ್ಲಿ ಬರೆಯುವ ಸಾಸಿನ್ ಎಂಬ ನೋಂದಣಿ 1617ರಿಂದಲೇ ಇದೆ. ವಾರಸುದಾರನು ತನ್ನ ವಂಶವನ್ನು ಪ್ರಮಾಣಗಳಿಂದ ಸಾಧಿಸಿ ದಾಖಲೆ ಮಾಡಿಸುವ ಕ್ರಮವೂ ಇತ್ತು. ಅದರ ಬಲದಿಂದಲೇ, 1826ರಲ್ಲಿ, ಬುಕನನ್ ತಮ್ಮ ಕುಲದ ಯಜಮಾನಿಕೆಯ ಹಕ್ಕನ್ನು ಸ್ಥಾಪಿಸಲು ಮುಂದಾದರು. ಆ ಕುಲದ ಮೂಲ ಶಾಖೆ 17ನೆಯ ಶತಮಾನದ ಕೊನೆಗೆ ಗಂಡು ಸಂತತಿಯಿಲ್ಲದೆ ನಿಂತುಹೋಗಿತ್ತು. ಮೂರು ವರ್ಷಗಳ ಬಳಿಕ, 1829ರ ಜೂನ್ 15ರಂದು ಅವರು ತೀರಿಕೊಂಡರು. ಕಥೆ ಅಲ್ಲಿಗೆ ಮುಗಿಯಲಿಲ್ಲ. 2018ರಲ್ಲಿ ಸ್ಕಾಟ್ಲೆಂಡಿನ ವಂಶಲಾಂಛನಗಳ ನ್ಯಾಯಾಧಿಕಾರಿಯು ಅದೇ ಲೆನಿ ಮನೆತನದ ಸಂತತಿಯವರೊಬ್ಬರನ್ನು ಬುಕನನ್ ಕುಲದ ಯಜಮಾನರೆಂದು ಮಾನ್ಯ ಮಾಡಿದರು. ಮುನ್ನೂರು ವರ್ಷಕ್ಕೂ ಮಿಗಿಲಾಗಿ ಬರಿದಾಗಿದ್ದ ಸ್ಥಾನ ಕಾಗದಗಳ ಆಧಾರದಿಂದ ತುಂಬಿತು.

ಹಾಗೆಂದು ಕಾಗದಗಳು ಆ ವೈದ್ಯರಿಗೂ ಸದಾ ನ್ಯಾಯ ಕೊಡಲಿಲ್ಲ. ಅವರ ಬಂಗಾಳದ ಸಮೀಕ್ಷೆಯನ್ನು 1838ರಲ್ಲಿ ಮಾಂಟ್ಗೊಮರಿ ಮಾರ್ಟಿನ್ ಎಂಬವರು ಪ್ರಕಟಿಸಿದಾಗ ಮುಖಪುಟದಲ್ಲಿ ಬುಕನನ್ನರ ಹೆಸರೇ ಇರಲಿಲ್ಲ. ಹಸ್ತಪ್ರತಿಗಳು ಲಂಡನ್ನಿನಲ್ಲಿ ಉಳಿದಿದ್ದುದರಿಂದ, ಆ ಶ್ರಮ ಯಾರದೆಂಬುದು ಸ್ಪಷ್ಟವಾಯಿತು. ಮೂಲಪ್ರತಿ ಉಳಿದರೆ ತಪ್ಪನ್ನು ಎಂದಾದರೂ ತಿದ್ದಬಹುದು.

ನಮ್ಮ ಕಡೆಯ ದಾಖಲೆಗಳಿಗೆ ಏನಾಯಿತು? ಹಿಂದೆ ಕನ್ನಡದ ಲೆಕ್ಕಪತ್ರಗಳನ್ನು ಕಡತದಲ್ಲಿ ಬರೆಯುತ್ತಿದ್ದರು. ಬಟ್ಟೆಗೆ ಹುಣಸೆಬೀಜದ ಸರಿ ಮತ್ತು ಇದ್ದಿಲ ಪುಡಿ ಬಳಿದು, ಮಡಿಸಿ, ಬಳಪದಿಂದ ಬರೆಯುವ ಕಪ್ಪು ಪುಸ್ತಕ ಅದು. ಅಳಿಸಿ ಮತ್ತೆ ಬರೆಯಬಹುದಾದ್ದರಿಂದ ಎಷ್ಟೋ ತಲೆಮಾರಿನ ಲೆಕ್ಕ ಅಳಿದೇ ಹೋಯಿತು. ಆಮೇಲೆ ಕಾಗದ ಬಂದಿತು. ಗ್ರಾಮದ ಲೆಕ್ಕ ಕರಣಂ ಮನೆತನಗಳ ಕೈಯಲ್ಲಿತ್ತು. 1980ರಲ್ಲಿ ತಮಿಳುನಾಡು ಸರ್ಕಾರ ವಂಶಪಾರಂಪರ್ಯದ ಆ ಹುದ್ದೆಯನ್ನು ರದ್ದುಪಡಿಸಿತು; ಗ್ರಾಮ ಆಡಳಿತ ಅಧಿಕಾರಿಗಳು ಬಂದರು. ಸರ್ಕಾರಿ ಪುಸ್ತಕಗಳು ಕಚೇರಿಗೆ ಹೋದವು. ಮನೆಗಳ ಅಟ್ಟದ ಮೇಲಿದ್ದ ಖಾಸಗಿ ಕಟ್ಟುಗಳನ್ನು ಕೇಳುವವರಿರಲಿಲ್ಲ. ಕನ್ನಡ ಓದಲು ಬಾರದ ಮೊಮ್ಮಕ್ಕಳಿಗೆ ಅವು ರದ್ದಿಯಾಗಿ ಕಂಡರೆ ಮಕ್ಕಳನ್ನು ದೂರುವುದು ಹೇಗೆ? ಕಾವೇರಿಯ ದಡದಲ್ಲಂತೂ ಭೂಮಿಯೇ ಮುಳುಗಿತು. 1934ರಲ್ಲಿ ಮೇಟ್ಟೂರು ಅಣೆಕಟ್ಟು ಪೂರ್ಣಗೊಂಡಾಗ ಹಲವು ಹಳ್ಳಿಗಳು ನೀರಿನೊಳಗಾದವು. ಇಂದಿಗೂ ನೀರು ಇಳಿದ ಬೇಸಗೆಯಲ್ಲಿ ಪಣ್ಣವಾಡಿಯ ಹಳೆಯ ದೇವಾಲಯದ ನಂದಿ ಕಾಣಿಸಿಕೊಳ್ಳುತ್ತದೆ. ಕಲ್ಲಿನ ನಂದಿ ಮತ್ತೆ ಎದ್ದು ಬರುತ್ತದೆ, ಕಾಗದ ಬರುವುದಿಲ್ಲ.

ಆದ್ದರಿಂದಲೇ ಶಾಲೆಯ ದಾಖಲಾತಿ ಪುಸ್ತಕದ ಬೆಲೆ ಹೆಚ್ಚು. ಭೂಮಿ ಇಲ್ಲದವರ ಹೆಸರು ಯಾವ ಪಟ್ಟಾದಲ್ಲಿಯೂ ಇರುವುದಿಲ್ಲ. ಬುಕನನ್ನರ ಸಂಪುಟದಲ್ಲಿಯೂ ಇಲ್ಲ. ಆದರೆ ಕೂಲಿಯವರ ಮಗಳು ಒಂದು ದಿನ ಶಾಲೆಗೆ ಸೇರಿದರೂ ಅವಳ ಹೆಸರು, ತಂದೆಯ ಹೆಸರು, ಊರು, ಮನೆಮಾತು, ಹುಟ್ಟಿದ ದಿನ ನಮ್ಮ ಪುಸ್ತಕದಲ್ಲಿ ಕನ್ನಡ ಅಕ್ಷರಗಳಲ್ಲಿ ನಿಲ್ಲುತ್ತವೆ. ಈ ಗಡಿಸೀಮೆಯ ಅನೇಕ ಕುಟುಂಬಗಳಿಗೆ ಅದೇ ಸಾಸಿನ್, ಅದೇ ವಂಶಾವಳಿ.

ಶತಮಾನೋತ್ಸವದ ಕಾರ್ಯವಾಗಿ ನಾವು ಎರಡು ಸಂಕಲ್ಪಗಳನ್ನು ಮಾಡಿದ್ದೇವೆ. ಮೊದಲನೆಯದಾಗಿ, ಉಳಿದಿರುವ ಎಲ್ಲ ದಾಖಲಾತಿ ಪುಸ್ತಕಗಳ ಪ್ರತಿ ಪುಟದ ಛಾಯಾಚಿತ್ರ ತೆಗೆದು, ಅಕಾರಾದಿ ಪಟ್ಟಿ ಮಾಡುತ್ತಿದ್ದೇವೆ. ಆ ಪಟ್ಟಿಯಲ್ಲಿ ‘ಬೇರೆ ದಾಖಲೆಗಳಲ್ಲಿರುವ ಹೆಸರು’ ಎಂಬ ಒಂದು ಅಂಕಣವನ್ನು ಇಟ್ಟಿದ್ದೇವೆ. ಕಚೇರಿಗಳಲ್ಲಿ ಅದು ಪ್ರಮಾಣಪತ್ರವಾಗದಿದ್ದರೂ, ಹುಡುಕುವವರಿಗೆ ದಾರಿ ತೋರಿಸಬಲ್ಲದು. ಎರಡನೆಯದಾಗಿ, ಹಿರಿಯ ವಿದ್ಯಾರ್ಥಿಗಳ ಮನೆಗಳಲ್ಲಿರುವ ಹಳೆಯ ಪಟ್ಟಾ, ಕ್ರಯಪತ್ರ, ಕಡತ, ಜಾತಕ, ಲಗ್ನಪತ್ರಿಕೆ, ಶಾಲೆಯ ಪ್ರಮಾಣಪತ್ರಗಳ ನಕಲು ಮಾಡಿಕೊಂಡು, ಮೂಲವನ್ನು ಅಂದೇ ಹಿಂತಿರುಗಿಸುತ್ತೇವೆ. ಪೋಷಕರು ತಮ್ಮ ಮನೆಯ ಭಾವಚಿತ್ರಗಳ ಹಿಂದೆ ಅದರಲ್ಲಿರುವವರ ಹೆಸರನ್ನು, ಕರೆಯುವ ಹೆಸರನ್ನೂ ಸೇರಿಸಿ, ಇಂದೇ ಬರೆದಿಡಬೇಕೆಂದು ಪ್ರಾರ್ಥಿಸುತ್ತೇವೆ. ಬರೆಯಬಲ್ಲ ಅಜ್ಜಿ ತಾತಂದಿರು ಇರುವಾಗಲೇ ಇದು ಆಗಬೇಕಾದ ಕೆಲಸ.

ನಮ್ಮಲ್ಲಿಗೆ ಬಂದ ಆ ತಾಯಿಗೆ ಕಳೆದ ತಿಂಗಳು ಹೇಳಿಕಳುಹಿಸಿದೆವು. ಹೊಸ ಪಟ್ಟಿಯಲ್ಲಿ ಅವರ ತಂದೆಯ ಎರಡೂ ಹೆಸರುಗಳನ್ನು ಒಂದೇ ಸಾಲಿನಲ್ಲಿ ಅವರ ಕೈಯಿಂದಲೇ ಬರೆಸಿದೆವು. ಕೆಳಗಿನ ಸಾಲಿನಲ್ಲಿ ಚಿಕ್ಕಪ್ಪನ ಹೆಸರನ್ನೂ ಅವರು ಬರೆದರು. ಅದರ ಎದುರಿಗೆ ‘ಪುಸ್ತಕ ಇಲ್ಲ, ಅಣ್ಣನ ಮಗಳ ಹೇಳಿಕೆ’ ಎಂದು ನಾವು ಸೇರಿಸಿದೆವು.