ಕಲ್ಲು, ಅಚ್ಚು, ಓದುಗ

ಜಗಳೂರು ಸೀಮೆಯ ಅಂಧ ವಿದ್ಯಾರ್ಥಿಯೊಬ್ಬ ನನ್ನ ತರಗತಿಯಲ್ಲಿದ್ದಾನೆ. ತನ್ನ ತಾಲ್ಲೂಕಿನ ಶಾಸನಗಳನ್ನು ತಾನೇ ಓದಬೇಕೆಂಬ ಆಸೆ ಅವನಿಗೆ. ‘ಎಪಿಗ್ರಾಫಿಯ ಕರ್ನಾಟಿಕ’ದ 11ನೆಯ ಸಂಪುಟದ ಸ್ಕ್ಯಾನ್ ಪ್ರತಿಯನ್ನು ಉತ್ಸಾಹದಿಂದಲೇ ಕೊಟ್ಟೆ. ಮರುದಿನ ಬಂದು, “ಸಾರ್, ಈ ಪುಸ್ತಕ ಮಾತಾಡೋದಿಲ್ಲ” ಎಂದ. ಪುಟಗಳೆಲ್ಲ ಬರಿಯ ಚಿತ್ರಗಳು. ಬರಹವನ್ನು ಓದಿ ಹೇಳುವ ಅವನ ಗಣಕಯಂತ್ರಕ್ಕೆ ಅಲ್ಲಿ ಅಕ್ಷರವೇ ಕಾಣಲಿಲ್ಲ.

ಶಾಸನವೆಂದರೆ ನಮ್ಮ ಹಿಂದಿನವರ ಪ್ರಕಟಣೆಯಲ್ಲವೆ? ಅದನ್ನು ಗುಡಿಯ ಮುಂದೆ, ಕೆರೆಯ ಏರಿಯ ಮೇಲೆ, ನಾಲ್ಕು ಜನ ತಿರುಗಾಡುವಲ್ಲಿ ನೆಟ್ಟರು. ಓದುಬಾರದವರನ್ನೂ ಅವರು ಮರೆತಿರಲಿಲ್ಲ. ವೀರಗಲ್ಲಿನ ಕೆಳಗಣ ಪಟ್ಟಿಕೆಯಲ್ಲಿ ಕಾದಾಟ, ನಡುವೆ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಶಿವಸನ್ನಿಧಿ. ಒಂದಕ್ಷರ ಬಾರದ ದನಗಾಹಿಯೂ ಕಥೆಯನ್ನು ತಿಳಿಯಬಲ್ಲನು. ದಾನಶಾಸನದ ನೆತ್ತಿಯ ಸೂರ್ಯಚಂದ್ರರ ಮಾತೂ ಅವನಿಗೆ ಅರ್ಥವಾದೀತು. ನಮ್ಮ ಈ ಹುಡುಗ ಅಂಥದೊಂದು ಕಲ್ಲನ್ನು ತಡವಿ ಕುದುರೆಯನ್ನೂ ಸವಾರನನ್ನೂ ಗುರುತಿಸಿದ್ದನ್ನು ಕಂಡಿದ್ದೇನೆ.

ಬಿ. ಎಲ್. ರೈಸರು ಈ ಕಲ್ಲುಗಳನ್ನು ಅಚ್ಚಿಗಿಳಿಸಿದರು. ಮೊದಲ ಸಂಪುಟ 1886ರಲ್ಲಿ ಬಂತು; ಒಟ್ಟು 12 ಸಂಪುಟ, ಸುಮಾರು ಒಂಬತ್ತು ಸಾವಿರ ಶಾಸನ. ಎಂಥ ದುಡಿಮೆ! 1902ರ 7ನೆಯ ಸಂಪುಟದಲ್ಲಿ ಹೊನ್ನಾಳಿ, ಚನ್ನಗಿರಿಗಳಿವೆ. ನ್ಯಾಮತಿ ಆಗಿನ್ನೂ ಬೇರೆ ತಾಲ್ಲೂಕಾಗಿರಲಿಲ್ಲವಾದ್ದರಿಂದ ಅದರ ಹಳ್ಳಿಗಳನ್ನು ಹೊನ್ನಾಳಿಯೊಳಗೇ ಹುಡುಕಬೇಕು. ಸಂಪುಟದಲ್ಲಿ ಕನ್ನಡ ಲಿಪಿಯ ಪಾಠ, ರೋಮನ್ ಲಿಪಿಯ ಪಾಠ, ಇಂಗ್ಲಿಷ್ ಅನುವಾದ. ಕನ್ನಡ ಬಾರದ ವಿದ್ವಾಂಸರಿಗೆ ಎರಡು ಬಾಗಿಲು ತೆರೆದಂತಾಯಿತು. ಹೊನ್ನಾಳಿಯ ರೈತನಿಗೆ? ಹಳಗನ್ನಡದ ಪಾಠ ದೊರಕಿತು, ಹೊಸಗನ್ನಡದ ಅರ್ಥ ದೊರಕಲಿಲ್ಲ. ತನ್ನ ಹೊಲದಂಚಿನ ಕಲ್ಲಿನ ಮಾತು ತಿಳಿಯಲು ಅವನು ಇಂಗ್ಲಿಷ್ ಕಲಿಯಬೇಕಿತ್ತು. ಇದಕ್ಕೆ ರೈಸರನ್ನು ದೂರುವುದು ಸಲ್ಲದು. ಕನ್ನಡ ಅಧ್ಯಾಪಕನಾದ ನಾನೂ ಎಷ್ಟೋ ಸಲ ಆ ಇಂಗ್ಲಿಷನ್ನೇ ನೋಡಿಕೊಂಡು ಪಾಠ ಹೇಳಿದವನು.

ಬೆರಳಿನಿಂದ ಓದುವವರಿಗಾಗಿ ಭಾರತೀಯ ಭಾಷೆಗಳಿಗೆಲ್ಲ ಸಮಾನವಾದ ಭಾರತೀ ಬ್ರೈಲ್ 1951ರಲ್ಲೇ ರೂಪುಗೊಂಡಿತು. ಅಂಗವಿಕಲರು ಓದುವಂತೆ ಪುಸ್ತಕದ ರೂಪ ಬದಲಿಸಲು ಹಕ್ಕುಸ್ವಾಮ್ಯ ಕಾಯಿದೆಯೇ 2012ರ ತಿದ್ದುಪಡಿಯಲ್ಲಿ ಅವಕಾಶ ಕೊಟ್ಟಿತು. ರೈಸರಂತೂ 1927ರಲ್ಲೇ ತೀರಿಕೊಂಡವರು. ಅವರ ಪುಸ್ತಕಕ್ಕೆ ಹಕ್ಕಿನ ತೊಡಕೇ ಇಲ್ಲ. ಯೂನಿಕೋಡಿನಲ್ಲಿ ಹಳಗನ್ನಡದ ಱ, ೞಗಳಿಗೂ ಜಾಗವಿದೆ. ಕೂತು ಟೈಪು ಮಾಡುವ ಕೈಗಳು ಬೇಕು, ಅಷ್ಟೆ.

ಈಗ ಶನಿವಾರಗಳಂದು ನಾಲ್ಕಾರು ವಿದ್ಯಾರ್ಥಿಗಳು ಜಗಳೂರಿನ ಭಾಗವನ್ನು ಟೈಪು ಮಾಡುತ್ತಿದ್ದಾರೆ. ಕೆಳಗೆ ಹೊಸಗನ್ನಡದಲ್ಲಿ ಎರಡು ಸಾಲು ಅರ್ಥ. ಕರಡು ತಿದ್ದುವವನು ಆ ಹುಡುಗನೇ. ಯಂತ್ರ ‘ೞ’ ಬಂದಲ್ಲಿ ತಡವರಿಸಿದರೆ ಅವನಿಗೆ ನಗು. ಕಳೆದ ವಾರ ಏಳನೆಯ ಶಾಸನ ಮುಗಿಯಿತು.