ಕಡಲಾಚೆಯ ಡ್ಯೂಟಿ ಡೈರಿ – 17: ಗ್ಯಾಲರಿಯಲ್ಲಿ ಕೂತ ಹೆಂಗಸರು

ಹೋದ ವಾರ ಹಾಕಿದ ಫೋಟೋ ನೋಡಿ ದೊಡ್ಡಕ್ಕ ಫೋನ್ ಮಾಡಿ ಕೇಳಿದಳು, "ಅಲ್ವೇ, ಆ ಎಪ್ಪತ್ತು ವರ್ಷದ ಅಜ್ಜಿಯರೆಲ್ಲ ಕಪ್ಪು-ಬಂಗಾರದ ಬಣ್ಣದ ಅಂಗಿ ಹಾಕ್ಕೊಂಡು ಹೊರಟಿದ್ದಾರಲ್ಲ, ಯಾವ ಜಾತ್ರೆ?" ಜಾತ್ರೆ ಅಂದಿದ್ದು ತಪ್ಪೇನಲ್ಲ. ಇಲ್ಲಿ ವಿನ್‌ಸ್ಟನ್-ಸೇಲಂನಲ್ಲಿ ಕಪ್ಪು-ಬಂಗಾರ ಅಂದ್ರೆ ವೇಕ್ ಫಾರೆಸ್ಟ್ ಯೂನಿವರ್ಸಿಟಿಯ ಬಣ್ಣ. ಅವರು ಹೊರಟಿದ್ದು ಕಾಲೇಜು ಫುಟ್‌ಬಾಲ್ ನೋಡೋಕೆ. "ಗಂಡಸರು ಗುದ್ದಾಡೋ ಆಟದಲ್ಲಿ ಹೆಂಗಸರಿಗೇನು ಕೆಲಸ?" ಅನ್ನೋದು ಅವಳ ಎರಡನೇ ಪ್ರಶ್ನೆ. ಅದಕ್ಕೆ ಫೋನಿನಲ್ಲಿ ಉತ್ತರ ಹೇಳಿ ಮುಗಿಯೋದಿಲ್ಲ, ಹಾಗಾಗಿ ಈ ವಾರದ ಪೋಸ್ಟು.

ಮೊದಲು ಆಟದ ಬಗ್ಗೆ ಎರಡು ಮಾತು. ಇದು ನಮ್ಮೂರ ಮೈದಾನದಲ್ಲಿ ಹುಡುಗರು ಆಡುವ ಫುಟ್‌ಬಾಲ್ ಅಲ್ಲ. ಚೆಂಡು ಮೊಟ್ಟೆಯಾಕಾರ, ಅದನ್ನು ಹೆಚ್ಚಾಗಿ ಕೈಯಲ್ಲೇ ಹಿಡಿದು ಓಡ್ತಾರೆ, ಎಸೀತಾರೆ. ಒಂದು ತಂಡಕ್ಕೆ ಹನ್ನೊಂದು ಜನ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಇಲ್ಲದಿದ್ರೆ ಚೆಂಡು ಎದುರಾಳಿಗೆ. ಆಡೋರು ಕಾಲೇಜು ಹುಡುಗರಾದ್ರೂ ನೋಡೋ ಜನ ಎಷ್ಟು ಅಂದ್ರೆ, ಮಿಷಿಗನ್ ಯೂನಿವರ್ಸಿಟಿಯ ಸ್ಟೇಡಿಯಂ ಒಂದರಲ್ಲೇ 1,07,601 ಸೀಟು. ನಮ್ಮ ಚಿನ್ನಸ್ವಾಮಿ ಸ್ಟೇಡಿಯಂನಂಥ ಎರಡು ಸೇರಿಸಿದರೂ ಸಾಲದು.

ಈ ಆಟ ಶುರುವಾಗಿದ್ದು 1869ರ ನವೆಂಬರ್ 6ರಂದು, ನ್ಯೂಜೆರ್ಸಿಯಲ್ಲಿ. ರಟ್ಗರ್ಸ್ ಮತ್ತು ಪ್ರಿನ್ಸ್‌ಟನ್ ಕಾಲೇಜುಗಳ ನಡುವೆ, ಒಂದೊಂದು ಕಡೆ 25 ಜನ. 6-4ರಲ್ಲಿ ರಟ್ಗರ್ಸ್ ಗೆದ್ದಿತು. ಆಗ ಆ ಎರಡೂ ಕಾಲೇಜಿನಲ್ಲಿ ಹುಡುಗಿಯರಿಗೆ ಓದೋಕೆ ಪ್ರವೇಶವೇ ಇರಲಿಲ್ಲ. ಆದರೆ ಆಟ ಬೆಳೆದ ಹಾಗೆ ನೋಡೋಕೆ ಹೆಂಗಸರು ಬಂದೇ ಬಂದರು. 1890ರ ದಶಕದ ಹೊತ್ತಿಗೆ ನ್ಯೂಯಾರ್ಕಿನಲ್ಲಿ ಥ್ಯಾಂಕ್ಸ್‌ಗಿವಿಂಗ್ ದಿನ ನಡೆಯುವ ಯೇಲ್-ಪ್ರಿನ್ಸ್‌ಟನ್ ಪಂದ್ಯ ಅಂದ್ರೆ ಊರಿನ ದೊಡ್ಡ ಹಬ್ಬ. ಸಾರೋಟಿನಲ್ಲಿ ಮೆರವಣಿಗೆ, ತಮ್ಮ ಪಕ್ಷದ ಬಣ್ಣದ ರಿಬ್ಬನ್ನು, ಹೂವು ಸಿಕ್ಕಿಸಿಕೊಂಡ ಹೆಂಗಸರು. ಮೂಳೆ ಮುರಿಯುವ ಒರಟು ಆಟ ಅನ್ನೋ ಅಪವಾದ ಇದ್ದ ಕಾಲ ಅದು. ಹೆಂಗಸರು ಕೂತು ನೋಡ್ತಾರೆ ಅಂದ್ರೆ ಆಟಕ್ಕೂ ಮರ್ಯಾದೆ. ಅಂದ್ರೆ ಅವರ ಟಿಕೆಟ್ಟಿನ ದುಡ್ಡೂ ಬೇಕಿತ್ತು, ಅವರ ಮುಖವೂ ಬೇಕಿತ್ತು.

ಆದರೆ ಕೂತ ಹೆಂಗಸರೆಲ್ಲ ಬರೀ ಅಲಂಕಾರಕ್ಕೆ ಕೂತಿರಲಿಲ್ಲ. ಇದಕ್ಕೆ ನನಗೆ ತುಂಬ ಇಷ್ಟವಾದ ಉದಾಹರಣೆ ಆಲಿಸ್ ಕ್ಯಾಂಪ್. ಅಮೆರಿಕನ್ ಫುಟ್‌ಬಾಲಿನ ಪಿತಾಮಹ ಅಂತ ಕರೆಯೋ ವಾಲ್ಟರ್ ಕ್ಯಾಂಪ್ ಅವರ ಹೆಂಡತಿ. 1888ರಲ್ಲಿ ಮದುವೆಯಾದ ಹೊಸತು. ಗಂಡ ಯೇಲ್ ತಂಡದ ಕೋಚ್ ಏನೋ ಹೌದು, ಆದರೆ ಹೊಟ್ಟೆಪಾಡಿಗೆ ನ್ಯೂ ಹೇವನ್ನಿನ ಗಡಿಯಾರ ಕಂಪನಿಯಲ್ಲಿ ಕೆಲಸ. ಮಧ್ಯಾಹ್ನದ ಪ್ರಾಕ್ಟೀಸಿಗೆ ಹೋಗೋಕೆ ಬಿಡುವಿಲ್ಲ. ಹಾಗಾಗಿ ಮೈದಾನಕ್ಕೆ ಹೋಗ್ತಿದ್ದವಳು ಆಲಿಸ್. ಯಾರು ಹೇಗೆ ಓಡಿದ, ಯಾರು ಎಲ್ಲಿ ತಪ್ಪಿದ ಅಂತ ನೋಡಿಕೊಂಡು ಬಂದು ಸಂಜೆ ಗಂಡನಿಗೆ ಒಪ್ಪಿಸೋದು. ಆಮೇಲೆ ಆಟಗಾರರು ಮನೆಗೆ ಬಂದಾಗ ಆ ಮಾತಿನ ಮೇಲೇ ಚರ್ಚೆ. ಆ ವರ್ಷ ಯೇಲ್ 13 ಪಂದ್ಯ ಆಡಿ ಹದಿಮೂರನ್ನೂ ಗೆದ್ದಿತು. ಒಟ್ಟು 698 ಅಂಕ, ಎದುರಾಳಿಗಳಿಗೆ ಸೊನ್ನೆ! ನಮ್ಮ ಆಸ್ಪತ್ರೆ ಭಾಷೆಯಲ್ಲಿ ಹೇಳೋದಾದ್ರೆ, ಆಲಿಸ್ ದಿನಾ ಶಿಫ್ಟ್ ಹ್ಯಾಂಡೋವರ್ ಕೊಡ್ತಿದ್ದಳು. ಹ್ಯಾಂಡೋವರ್ ಸರಿಯಿಲ್ಲದಿದ್ರೆ ಎಂಥ ಡಾಕ್ಟರಿಗೂ ಕಷ್ಟ ಅನ್ನೋದು ನಮಗೆ ಗೊತ್ತಲ್ಲ. ಆಲಿಸ್ ಹೋಗಿ ನಿಲ್ತಿದ್ದ ಆ ಯೇಲ್ ಕಾಲೇಜು ಡಿಗ್ರಿ ಓದೋಕೆ ಹುಡುಗಿಯರನ್ನು ಸೇರಿಸಿಕೊಂಡಿದ್ದು 1969ರಲ್ಲಿ. ಎಂಬತ್ತೊಂದು ವರ್ಷ ಆದಮೇಲೆ.

ಬೇರೆ ಕಡೆಯೂ ಇದೇ ಕಥೆ. ಚಿಯರ್‌ಲೀಡಿಂಗ್ ಅಂದ್ರೆ ಹುಡುಗಿಯರದ್ದು ಅಂತ ನಾವು ಸಿನಿಮಾ ನೋಡಿ ಅಂದುಕೊಂಡಿದ್ದೀವಿ. 1898ರಲ್ಲಿ ಮಿನೆಸೋಟಾ ಯೂನಿವರ್ಸಿಟಿಯಲ್ಲಿ ಅದು ಶುರುವಾದಾಗ ಅದು ಗಂಡು ಹುಡುಗರ ಕೆಲಸ. ಅಲ್ಲಿ ಹುಡುಗಿಯರು ಬಂದಿದ್ದು 1923ರಲ್ಲಿ. ಎರಡನೇ ಮಹಾಯುದ್ಧಕ್ಕೆ ಹುಡುಗರು ಹೊರಟ ಮೇಲೆ ಅದು ಹೆಚ್ಚಾಗಿ ಹುಡುಗಿಯರ ಕೈಗೆ ಬಂತು. ಇನ್ನು ಮಿಷಿಗನ್ ಯೂನಿವರ್ಸಿಟಿ 1870ರಲ್ಲೇ ಹುಡುಗಿಯರನ್ನು ಓದೋಕೆ ಸೇರಿಸಿಕೊಂಡಿತ್ತು. ಆದರೆ ಪಂದ್ಯದ ದಿನ ಮೈದಾನದಲ್ಲಿ ನಡೆಯುವ ಅದರ ಮಾರ್ಚಿಂಗ್ ಬ್ಯಾಂಡಿನಲ್ಲಿ ವಾದ್ಯ ಹಿಡಿಯೋಕೆ 1972ರ ತನಕ ಕಾಯಬೇಕಾಯ್ತು. ಶಿಕ್ಷಣದಲ್ಲಿ ಹೆಣ್ಣು-ಗಂಡು ಅಂತ ಭೇದ ಮಾಡಬಾರದು ಅನ್ನೋ ಟೈಟಲ್ ನೈನ್ ಕಾನೂನು ಬಂದಿದ್ದೂ ಅದೇ ವರ್ಷ.

ಈಗ ನಾನಿರೋ ಊರಿನ ಕಥೆಗೆ ಬರ್ತೀನಿ. ಮೇರಿ ಗಾರ್ಬರ್ ಅಂತ ಒಬ್ಬರಿದ್ದರು. ಹುಟ್ಟಿದ್ದು 1916ರಲ್ಲಿ. ಸಣ್ಣ ಹುಡುಗಿಯಾಗಿದ್ದಾಗ ಕುಟುಂಬ ನ್ಯೂಯಾರ್ಕ್ ಬಿಟ್ಟು ವಿನ್‌ಸ್ಟನ್-ಸೇಲಂಗೆ ಬಂತು. ಬೀದಿ ಹುಡುಗರ ತಂಡದಲ್ಲಿ ತಾನೇ ಫುಟ್‌ಬಾಲ್ ಆಡಿದವರು. ಬೆಳೆದು ಪತ್ರಿಕೆ ಸೇರಿದಾಗ ಸಿಕ್ಕಿದ್ದು ಮದುವೆ, ಪಾರ್ಟಿ ಸುದ್ದಿ ಬರೆಯೋ ಪುಟ. 1944ರಲ್ಲಿ ಯುದ್ಧದಿಂದಾಗಿ ಗಂಡಸರು ಸಿಗದೇ ಹೋದಾಗ ಕ್ರೀಡಾಪುಟ ಅವರ ಕೈಗೆ ಬಂತು. ಯುದ್ಧ ಮುಗಿದ ಮೇಲೆ ಸ್ವಲ್ಪ ದಿನ ಬೇರೆ ಸುದ್ದಿಗೆ ಹೋದರೂ 1946ರಲ್ಲಿ ಮತ್ತೆ ಕ್ರೀಡೆಗೇ ಬಂದರು.

ಡ್ಯೂಕ್ ಯೂನಿವರ್ಸಿಟಿಯ ಫುಟ್‌ಬಾಲ್ ಪಂದ್ಯ ವರದಿ ಮಾಡೋಕೆ ಹೋದರೆ ಪತ್ರಕರ್ತರು ಕೂರೋ ಪ್ರೆಸ್ ಬಾಕ್ಸಿಗೆ ಬಿಡಲಿಲ್ಲ. ಕೋಚ್‌ಗಳ ಹೆಂಡತಿಯರು ಕೂರುವ ಜಾಗದಲ್ಲಿ ಕೂರಿಸಿದರು. ಸುತ್ತ ಮಾತು, ಮಕ್ಕಳ ಗಲಾಟೆ, ಅದರ ಮಧ್ಯೆ ಇವರು ನೋಟ್ಸ್ ಬರೀಬೇಕು. ಕೊನೆಗೆ ಅವರ ಸಂಪಾದಕರು ಸುತ್ತಲಿನ ಯೂನಿವರ್ಸಿಟಿಗಳಿಗೆ ಪತ್ರ ಬರೆದು ಹೇಳಿದ ಮೇಲೆ ಬಾಗಿಲು ತೆರೀತು. ಸದಸ್ಯತ್ವ ಕೊಡಲ್ಲ ಅಂದಿದ್ದ ಇಲ್ಲಿನ ಕ್ರೀಡಾ ಬರಹಗಾರರ ಸಂಘಕ್ಕೆ ಮುಂದೆ ಅವರೇ ಅಧ್ಯಕ್ಷರಾದರು. ಇನ್ನೊಂದು ಮಾತು. ಕರಿಯರು-ಬಿಳಿಯರು ಬೇರೆ ಬೇರೆ ಶಾಲೆಗೆ ಹೋಗಬೇಕಾದ ಕಾಲ ಅದು. ಬಿಳಿಯರ ಪತ್ರಿಕೆಗಳು ಕರಿಯ ಹುಡುಗರ ಆಟದ ಕಡೆ ತಲೆ ಹಾಕದೇ ಇದ್ದಾಗ ಮೇರಿ ಅವರ ಪಂದ್ಯಗಳಿಗೂ ಹೋಗಿ ಅಷ್ಟೇ ಶ್ರದ್ಧೆಯಿಂದ ಬರೆದರು. ಹೊರಗೆ ಕೂರಿಸಿದರೆ ಹೇಗಿರುತ್ತೆ ಅಂತ ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. 2005ರಲ್ಲಿ ಅಮೆರಿಕದ ಕ್ರೀಡಾ ಪತ್ರಿಕೋದ್ಯಮದ ದೊಡ್ಡ ಗೌರವವಾದ ರೆಡ್ ಸ್ಮಿತ್ ಪ್ರಶಸ್ತಿ ಬಂತು. ಅದನ್ನು ಪಡೆದ ಮೊದಲ ಹೆಂಗಸು ಅವರು. 2008ರಲ್ಲಿ ತೀರಿಕೊಂಡರು.

ದೊಡ್ಡಕ್ಕನ ಪ್ರಶ್ನೆಗೆ ಉತ್ತರ ಇಲ್ಲೇ ಇದೆ ಅಂತ ನನಗನಿಸುತ್ತೆ. ಓದೋ ಬಾಗಿಲು, ಬರೆಯೋ ಬಾಗಿಲು, ಬ್ಯಾಂಡಿನ ಬಾಗಿಲು ಎಲ್ಲ ಮುಚ್ಚಿದ್ದಾಗ ಹೆಂಗಸರಿಗೆ ತೆರೆದಿದ್ದ ಒಂದೇ ಬಾಗಿಲು ಗ್ಯಾಲರಿಯದ್ದು. ಅವರು ಅಲ್ಲಿ ಕೂತು, ಆಟ ಕಲಿತು, ಇದು ನಮ್ಮದೂ ಹೌದು ಅಂತ ಗಟ್ಟಿ ಮಾಡಿಕೊಂಡರು. ಇವತ್ತು ಅಮೆರಿಕದ ಕಾಲೇಜುಗಳಲ್ಲಿ ಹುಡುಗರಿಗಿಂತ ಹುಡುಗಿಯರೇ ಹೆಚ್ಚು. ಆ ಅಜ್ಜಿಯರು ಹಾಕಿಕೊಂಡ ಬಣ್ಣ ಗಂಡನ ಕಾಲೇಜಿನದ್ದಲ್ಲ, ತಾವೇ ಓದಿದ ಕಾಲೇಜಿನದ್ದು. ವೇಕ್ ಫಾರೆಸ್ಟ್ ಹುಡುಗಿಯರಿಗೆ ಡಿಗ್ರಿ ಬಾಗಿಲು ತೆರೆದಿದ್ದು 1942ರಲ್ಲಿ, ಅದೂ ಯುದ್ಧದಿಂದ ಹುಡುಗರು ಕಡಿಮೆಯಾದಾಗ. 2020ರ ನವೆಂಬರ್ 28ರಂದು ವ್ಯಾಂಡರ್‌ಬಿಲ್ಟ್ ಯೂನಿವರ್ಸಿಟಿಯ ಸಾರಾ ಫುಲ್ಲರ್ ಚೆಂಡು ಒದ್ದು ದೊಡ್ಡ ಲೀಗುಗಳ ಪಂದ್ಯದಲ್ಲಿ ಆಡಿದ ಮೊದಲ ಹುಡುಗಿಯಾದಳು. ಆ ದಿನ ನಮ್ಮ ಬ್ರೇಕ್ ರೂಮಿನ ಟಿವಿ ಮುಂದೆ ನಿಂತಿದ್ದ ಹಿರಿಯ ನರ್ಸ್ ಒಬ್ಬರು ಒಂದು ಮಾತೂ ಆಡದೆ ಕಣ್ಣೊರೆಸಿಕೊಂಡರು.

ಆದರೂ ಹಳೇ ಅನುಮಾನ ಪೂರ್ತಿ ಹೋಗಿಲ್ಲ. ತಂಡದ ಅಂಗಿ ಹಾಕಿದ ಹುಡುಗಿಗೆ "ನಿಯಮ ಗೊತ್ತಾ?" ಅಂತ ಕೇಳೋ ಗಂಡಸರು ಈಗಲೂ ಇದ್ದಾರೆ. ಗಂಡಸಿನ ಅಂಗಿಗೆ ಆ ಪರೀಕ್ಷೆ ಇಲ್ಲ.

ನರ್ಸ್ ಆಗಿ ಇನ್ನೊಂದು ಹೇಳಲೇಬೇಕು. ಈ ಆಟದಲ್ಲಿ ತಲೆಗೆ ಬೀಳೋ ಪೆಟ್ಟು ಸಣ್ಣದಲ್ಲ. 1905ರಲ್ಲಿ ಸಾವುಗಳು ಎಷ್ಟು ಹೆಚ್ಚಾದವು ಅಂದ್ರೆ ಅಧ್ಯಕ್ಷ ರೂಸ್‌ವೆಲ್ಟ್ ಅವರೇ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ನವರನ್ನು ಕರೆಸಿ ಮಾತಾಡಿದರು. ಮರುವರ್ಷ ನಿಯಮ ಬದಲಾಯ್ತು, ಚೆಂಡನ್ನು ಮುಂದಕ್ಕೆ ಎಸೆಯೋಕೆ ಅನುಮತಿ ಸಿಕ್ಕಿತು. ಅಪಾಯ ಮಾತ್ರ ಇವತ್ತಿಗೂ ಇದೆ. ನನ್ನ ವಾರ್ಡಿನ ಅಜ್ಜಿಯರು ಶನಿವಾರ ಮಾತ್ರೆಗಿಂತ ಮೊದಲು ಟಿವಿ ರಿಮೋಟ್ ಕೇಳ್ತಾರೆ, ರೆಫರಿಗೆ ಬೈತಾರೆ. ಆದರೆ ಎದುರಾಳಿ ಹುಡುಗ ನೆಲಕ್ಕೆ ಬಿದ್ದು ಏಳದಿದ್ರೆ ಅವರೇ ಮೊದಲು ಸುಮ್ಮನಾಗೋದು. ಅವನು ಎದ್ದು ನಿಂತ ಮೇಲೇ ಮತ್ತೆ ಬೈಗುಳ ಶುರು.

ನಮ್ಮ ಮನೆಯಲ್ಲೂ ಅಜ್ಜಿ ಟ್ರಾನ್ಸಿಸ್ಟರ್ ಪಕ್ಕ ಅಕ್ಕಿ ಆರಿಸ್ತಾ ಕ್ರಿಕೆಟ್ ಕಾಮೆಂಟರಿ ಕೇಳ್ತಿದ್ದದ್ದು ದೊಡ್ಡಕ್ಕನಿಗೆ ನೆನಪಿರಬೇಕು. ಸ್ಕೋರ್ ಎಷ್ಟು ಅಂತ ಅವಳನ್ನು ಕೇಳೋ ಗಂಡಸರಿದ್ದರು, ಪಂದ್ಯಕ್ಕೆ ಕರ್ಕೊಂಡು ಹೋಗೋರು ಯಾರೂ ಇರಲಿಲ್ಲ. ನಿಮ್ಮ ಮನೆಗಳಲ್ಲೂ ಅಂಥವರು ಇದ್ದರೆ ಬರೆದು ತಿಳಿಸಿ. ಮುಂದಿನ ವಾರ ನೈಟ್ ಡ್ಯೂಟಿ, ಪೋಸ್ಟ್ ಎರಡು ದಿನ ತಡವಾಗುತ್ತೆ.